ಕಾವಲು ಯಾವಾಗ ಸಡಿಲಿಸಲಿ?

ಪ್ರಶ್ನೆ: ನಾವು ಹೆಬ್ಬಾಳದವರು. ಯಜಮಾನರು ಇಲ್ಲೇ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸಕ್ಕಿದ್ದಾರೆ. ಮಗಳಿಗೆ 15 ವರ್ಷ, ಎಸ್ಸೆಸ್ಸೆಲ್ಸಿ. ದಸರಾ ರಜೆ ಮುಗಿದ ಮೇಲೆ ಶಾಲೆಗೆ ಹೋಗಲ್ಲ ಎಂದು ಹಟ ಹಿಡಿದಳು. ಸೋಮಾರಿತನ ಎಂದುಕೊಂಡು ಬೈದೆವು, ಮೊಬೈಲ್ ಕಿತ್ತಿಟ್ಟೆವು. ಊಟ ಬಿಟ್ಟಳು, ತಲೆ ಬಾಚಿಕೊಳ್ಳುವುದನ್ನೂ ಬಿಟ್ಟಳು. ಡಿಸೆಂಬರ್‌ನಲ್ಲಿ ಒಂದು ರಾತ್ರಿ ಜೀವ ಕಳೆದುಕೊಳ್ಳಲು ಹೋಗಿದ್ದಳು. ಹೇಗೋ ನೋಡಿಬಿಟ್ಟೆ, ಆಸ್ಪತ್ರೆಗೆ ಓಡಿದೆವು. ತೀವ್ರ ಖಿನ್ನತೆ ಎಂದರು. ಕೆಲವು ದಿನ ಅಡ್ಮಿಟ್ ಮಾಡಿದ್ದರು. ಈಗ ಐದು ತಿಂಗಳಾಯಿತು. ಮಾತ್ರೆ, ಕೌನ್ಸೆಲಿಂಗ್ ನಡೆದಿದೆ, ಚೆನ್ನಾಗಿ ಚೇತರಿಸಿಕೊಳ್ಳುತ್ತಿದ್ದಾಳೆ ಎನ್ನುತ್ತಾರೆ ಡಾಕ್ಟರು. ನನಗೆ ಮಾತ್ರ ಆ ರಾತ್ರಿ ಇನ್ನೂ ಕಳೆದಿಲ್ಲ. ಅಕೌಂಟ್ಸ್ ಕೆಲಸ ಬಿಟ್ಟಿದ್ದೇನೆ. ಅವಳ ಕೋಣೆಯ ಬಾಗಿಲಿಗೆ ಅಡ್ಡವಾಗಿ ಚಾಪೆ ಹಾಕಿ ಮಲಗುತ್ತೇನೆ. ಸ್ನಾನಕ್ಕೆ ಹೋದರೆ ಹೊರಗೆ ನಿಂತು ಕೂಗುತ್ತಿರುತ್ತೇನೆ. ಮೊನ್ನೆ ಅವಳು ‘ನಂಗೆ ಉಸಿರಾಡೋಕೂ ಬಿಡಲ್ಲ ನೀನು’ ಎಂದು ಕಿರುಚಿದಳು. ಯಜಮಾನರು ಓಟಿ ಹಾಕಿಸಿಕೊಂಡು ಹೊರಗೇ ಇರುತ್ತಾರೆ. ಬಂದರೆ ‘ಮುದ್ದು ಮಾಡಿ ಕೆಡಿಸಿದೆ’ ಎಂಬ ಒಂದೇ ಮಾತು. ಅತ್ತೆ ಮಾತ್ರೆ ನಿಲ್ಲಿಸಿ ನಂಜನಗೂಡಿನಲ್ಲಿ ಉರುಳುಸೇವೆ ಮಾಡಿಸಿ, ಸುದ್ದಿ ಹಬ್ಬಿದರೆ ನಾಳೆ ಮದುವೆ ಆಗಲ್ಲ ಎನ್ನುತ್ತಾರೆ. ಆರನೇ ಕ್ಲಾಸಿನ ಮಗ ಯಾರ ಜೊತೆಗೂ ಮಾತಾಡದೆ ಟಿವಿ ಮುಂದೆ ಕೂರುತ್ತಾನೆ. ನನ್ನ ಹಳೆಯ ಕಂಪನಿಯವರು ತಿಂಗಳ ಕೊನೆಯೊಳಗೆ ವಾಪಸ್ ಬರುವುದಾದರೆ ತಿಳಿಸಿ ಎಂದಿದ್ದಾರೆ. ಇವಳನ್ನು ಬಿಟ್ಟು ಹೋಗಬಹುದೇ ಮೇಡಂ? ಇದಕ್ಕೆಲ್ಲ ನಾನೇ ಕಾರಣವಾ?

– ಒಬ್ಬ ತಾಯಿ, ಹೆಬ್ಬಾಳ, ಮೈಸೂರು

ಉತ್ತರ: ಹೋಗಬಹುದು ತಾಯಿ. ಹೋಗಬೇಕು ಎಂದೇ ನನ್ನ ಅಭಿಪ್ರಾಯ. ನಾಳೆ ಬೆಳಿಗ್ಗೆಯೇ ಅಲ್ಲ, ಡಾಕ್ಟರನ್ನು ಕೇಳದೆಯೂ ಅಲ್ಲ. ಆದರೆ ಮಗಳಿಗಾಗಿ ಮನೆಯಲ್ಲೇ ಇರಬೇಕು, ಕೆಲಸಕ್ಕೆ ಹೋದರೆ ಸ್ವಾರ್ಥ ಎಂಬ ನಿಮ್ಮ ಲೆಕ್ಕ ಎಲ್ಲೋ ತಪ್ಪಿದೆ.

ನೀವು ಮಾಡಿದ್ದು ಸರಿಯಾಗಿಯೇ ಇತ್ತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಜೀವ ಕಳೆದುಕೊಳ್ಳಲು ಹೋದವರಿಗೆ ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ಮೊದಲ ಕೆಲವು ವಾರ, ತಿಂಗಳುಗಳೇ ಹೆಚ್ಚು ಅಪಾಯದವು. ಖಿನ್ನತೆಯ ಮಾತ್ರೆ ಶುರುವಾದ ಆರಂಭದಲ್ಲೂ ಹದಿಹರೆಯದವರಲ್ಲಿ ಚಡಪಡಿಕೆ, ಸಿಡುಕು, ಕೆಟ್ಟ ಯೋಚನೆ ಹೆಚ್ಚಾಗಬಹುದೆಂದು ವೈದ್ಯರು ಎಚ್ಚರಿಸುತ್ತಾರೆ. ಆಗ ಬಾಗಿಲಲ್ಲಿ ಮಲಗಿದ ತಾಯಿಯನ್ನು ಯಾರೂ ಆಕ್ಷೇಪಿಸಲಾರರು. ವಾರ್ಡಿನಲ್ಲಿ ನೀವು ಜೊತೆಗಿದ್ದದ್ದಂತೂ ಕಾನೂನೇ ಹೇಳುವ ಕೆಲಸ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ 18 ತುಂಬದವರು ದಾಖಲಾಗಿರುವಷ್ಟು ದಿನವೂ ಅವರ ಪರವಾಗಿ ನಿಂತ ಮನೆಯವರು ಅಥವಾ ಸಹಾಯಕರೊಬ್ಬರು ಜೊತೆಗೇ ಇರಬೇಕು. ತೊಂದರೆ ಎಂದರೆ, ಡಿಸ್ಚಾರ್ಜ್ ಆದ ಮೇಲೂ ನೀವು ಆ ವಾರ್ಡನ್ನು ಬಿಟ್ಟು ಬಂದಿಲ್ಲ. ಐದು ತಿಂಗಳಿಂದ ನಿಮ್ಮ ಮನೆ ಒಂದೇ ಹಾಸಿಗೆಯ ಆಸ್ಪತ್ರೆಯಾಗಿದೆ. ಅಲ್ಲಿ ರೋಗಿ ಗುಣವಾಗುತ್ತಿದ್ದಾಳೆ, ನರ್ಸ್ ಕಾಯಿಲೆ ಬೀಳುತ್ತಿದ್ದಾಳೆ.

ಮನೆಯ ವಾತಾವರಣಕ್ಕೂ ಮನೋರೋಗ ಮರುಕಳಿಸುವುದಕ್ಕೂ ಏನು ಸಂಬಂಧ ಎಂಬುದರ ಮೇಲೆ ಬಹಳ ಕೆಲಸ ನಡೆದಿದೆ. 1950ರ ದಶಕದಲ್ಲಿ ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜಶಾಸ್ತ್ರಜ್ಞರು ಮನೋರೋಗದ ಆಸ್ಪತ್ರೆಯಿಂದ ಬಿಡುಗಡೆಯಾದವರ ಬೆನ್ನು ಹತ್ತಿ ನೋಡಿದರು. ತಂದೆತಾಯಿಯ ಬಳಿಗೋ ಹೆಂಡತಿಯ ಬಳಿಗೋ ಹಿಂತಿರುಗಿದವರಿಗಿಂತ ಬಾಡಿಗೆ ಕೋಣೆಗೆ, ಅಣ್ಣತಮ್ಮಂದಿರ ಮನೆಗೆ ಹೋದವರೇ ಚೆನ್ನಾಗಿದ್ದರು! ಕೇಳುವುದಕ್ಕೆ ಕ್ರೂರವಾಗಿದೆ, ನಿಜ. ಮುಂದೆ ಅದನ್ನೇ ಬಿಡಿಸಿ ನೋಡಿದಾಗ ಕಂಡದ್ದು: ಸಂಬಂಧದಿಂದ ತೊಂದರೆಯಲ್ಲ, ಮೂರು ಸಂಗತಿಗಳಿಂದ. ಎಡೆಬಿಡದ ಟೀಕೆ, ಹಗೆತನ, ಮತ್ತು ಅತಿಯಾಗಿ ಒಳಗೊಂಡುಬಿಡುವುದು. ಮೂರನೆಯದನ್ನು ಗಮನಿಸಿ. ಪ್ರೀತಿಯೇ ಅದು, ಆದರೆ ಕಾಯಿಲೆಯವರ ಪ್ರತಿ ಉಸಿರನ್ನೂ ತಾನೇ ಎಣಿಸುವ ಪ್ರೀತಿ. 1976ರಲ್ಲಿ ಕ್ರಿಸ್ಟೀನ್ ವಾನ್ ಮತ್ತು ಜೂಲಿಯನ್ ಲೆಫ್ ಪ್ರಕಟಿಸಿದ ಅಧ್ಯಯನದಲ್ಲಿ ಇನ್ನೊಂದು ಲೆಕ್ಕ ಸಿಕ್ಕಿತು. ಇಂಥ ಒತ್ತಡದ ಮನೆಗಳಲ್ಲಿ ಮನೆಯವರೂ ರೋಗಿಯೂ ವಾರಕ್ಕೆ 35 ಗಂಟೆಗಿಂತ ಹೆಚ್ಚು ಹೊತ್ತು ಮುಖಾಮುಖಿ ಇದ್ದರೆ ಸ್ಕಿಜೋಫ್ರೀನಿಯಾ ಮರುಕಳಿಸುವುದು ಹೆಚ್ಚು, ಅದಕ್ಕಿಂತ ಕಡಿಮೆ ಇದ್ದರೆ ಕಡಿಮೆ. ಅದೇ ಅಧ್ಯಯನದಲ್ಲಿ ಖಿನ್ನತೆಯವರನ್ನೂ ನೋಡಿದ್ದರು. ಅವರಿಗೆ ಟೀಕೆಯನ್ನು ತಾಳುವ ಶಕ್ತಿ ಇನ್ನೂ ಕಮ್ಮಿ ಎಂದು ಕಂಡುಬಂತು. ಮುಖ್ಯವಾಗಿ ವಯಸ್ಕರ ಮೇಲೆ ನಡೆದ ಅಧ್ಯಯನಗಳಿವು. 15ರ ಹುಡುಗಿಗೆ ಗಡಿಯಾರ ಹಿಡಿದು 35 ಗಂಟೆ ಎಣಿಸಿ ಎನ್ನುತ್ತಿಲ್ಲ. ನೀವು ಆಫೀಸಿನಲ್ಲಿ ಕೂತು ಲೆಡ್ಜರ್ ನೋಡುವ ನಾಲ್ಕು ಗಂಟೆ ಮಗಳಿಗೂ ಒಂದು ಬಗೆಯ ಔಷಧಿ ಎಂಬುದಷ್ಟೇ ನನ್ನ ಮಾತು.

ಇದನ್ನು ‘ಹಾಗಾದರೆ ನಾನೇ ಕಾರಣ’ ಎಂದು ತಿರುಗಿಸಿಕೊಳ್ಳಬೇಡಿ. ಈ ಅಧ್ಯಯನಗಳು ಹೇಳುವುದು ಕಾಯಿಲೆ ಮರಳಿ ಬರುವುದರ ಬಗ್ಗೆ, ಮೊದಲಿಗೆ ಬಂದದ್ದರ ಬಗ್ಗೆ ಅಲ್ಲ. ಖಿನ್ನತೆಗೆ ವಂಶವಾಹಿ, ಹರೆಯದಲ್ಲಿ ಮೈಮನಸ್ಸಿನಲ್ಲಾಗುವ ಬದಲಾವಣೆ, ನಿದ್ರೆಗೇಡು, ಶಾಲೆಯ ಒತ್ತಡ, ಗೆಳತಿಯರೊಳಗಿನ ನೋವು ಎಲ್ಲ ಸೇರಿರುತ್ತವೆ. ಒಂದು ಎಳೆಯನ್ನು ಹಿಡಿದು ಇದೇ ಎನ್ನಲಾಗದು. ನಿಮ್ಹಾನ್ಸ್ ಮುಂದೆ ನಿಂತು 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದ ಮಕ್ಕಳಲ್ಲಿ ಶೇ. 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. 40 ಮಕ್ಕಳ ತರಗತಿಗೆ ಇಬ್ಬರೋ ಮೂವರೋ ಎಂದಾಯಿತು. ಅಷ್ಟೂ ಮಕ್ಕಳ ತಾಯಂದಿರು ಒಂದೇ ತಪ್ಪು ಮಾಡಿದರೇ? ಸೋಮಾರಿತನ ಎಂದು ಬೈದದ್ದು ನಿಮ್ಮನ್ನು ಚುಚ್ಚುತ್ತಿದೆ. ಈ ವಯಸ್ಸಿನಲ್ಲಿ ಖಿನ್ನತೆ ಯಾವಾಗಲೂ ಅಳುಮುಖದಲ್ಲೇ ಬರುವುದಿಲ್ಲ. ಸಿಡುಕಾಗಿ, ಹಟವಾಗಿ, ‘ಹೋಗಲ್ಲ’ ಎಂಬುದಾಗಿಯೂ ಬರುತ್ತದೆ. ಅನುಭವಿ ಮೇಷ್ಟರುಗಳೂ ಅದನ್ನು ಕೊಬ್ಬು ಎಂದೇ ಓದುತ್ತಾರೆ. ಮಗಳಿಗೆ ಒಮ್ಮೆ ಹೇಳಿಬಿಡಿ: ‘ಅದು ಕಾಯಿಲೆ ಅಂತ ನಮಗೆ ಗೊತ್ತಾಗಲಿಲ್ಲ ಕಣೇ, ಬೈಯಬಾರದಿತ್ತು.’ ಒಮ್ಮೆ ಸಾಕು. ದಿನಾ ಕ್ಷಮೆ ಕೇಳಿದರೆ ನಿಮ್ಮನ್ನು ಸಮಾಧಾನ ಮಾಡುವ ಕೆಲಸವೂ ಅವಳ ತಲೆಗೇ ಬರುತ್ತದೆ.

ಈಗ ಕಾವಲಿನ ಮಾತು. ಕಣ್ಣು ಸಡಿಲಿಸಿ, ಬೀಗ ಸಡಿಲಿಸಬೇಡಿ. ಮಾತ್ರೆಗಳು, ಮನೆಯಲ್ಲಿ ಅಪಾಯ ತರಬಲ್ಲ ಇತರ ವಸ್ತುಗಳು ಬೀರುವಿನೊಳಗೆ, ಕೀಲಿ ನಿಮ್ಮ ಮತ್ತು ಯಜಮಾನರ ಹತ್ತಿರ ಮಾತ್ರ. ಅತ್ತೆಯವರ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳೂ ಅದರೊಳಗೇ. ಅದನ್ನು ಎಲ್ಲರೂ ಮರೆಯುತ್ತಾರೆ. ಸಾಯುವ ಯೋಚನೆಯ ಭರ ಎಷ್ಟೋ ಬಾರಿ ಅಲೆಯ ಹಾಗೆ ಏರಿ ಇಳಿಯುತ್ತದೆ. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿರುವುದೇ ಜೀವ ಉಳಿಸುತ್ತದೆ. ಬೀಗ ಭದ್ರವಿದ್ದಷ್ಟೂ ನಿಮ್ಮ ಕಣ್ಣಿಗೆ ವಿರಾಮ ಸಿಗುತ್ತದೆ.

ಉಳಿದದ್ದನ್ನು ಮಗಳೊಂದಿಗೇ ಕೂತು ತೀರ್ಮಾನಿಸಿ, ಮುಂದಿನ ಫಾಲೋಅಪ್‌ನಲ್ಲಿ, ಡಾಕ್ಟರ ಎದುರಿಗೆ. ‘ಕಾವಲು ಎಷ್ಟು ಇಳಿಸಬಹುದು?’ ಎಂದು ನೇರವಾಗಿ ಕೇಳಿ. ಅವರು ಇನ್ನೂ ಬೇಡ ಎಂದರೆ ಅವರ ಮಾತೇ ಕೊನೆ, ನನ್ನದಲ್ಲ. ಆಗಬಹುದು ಎಂದರೆ ಒಂದು ಹಾಳೆಯಲ್ಲಿ ಅವಳ ಕೈಯಿಂದಲೇ ಬರೆಸಿ. ಕೆಟ್ಟ ದಿನ ಬರುತ್ತಿದೆ ಎಂದು ಅವಳಿಗೆ ಯಾವುದರಿಂದ ಗೊತ್ತಾಗುತ್ತದೆ, ಆಗ ಅವಳು ಏನು ಮಾಡಿಕೊಳ್ಳುತ್ತಾಳೆ, ಮೊದಲು ಯಾರಿಗೆ ಹೇಳುತ್ತಾಳೆ, ಅವರು ಸಿಗದಿದ್ದರೆ ಯಾರಿಗೆ. ‘ಯಾರಿಗೆ’ ಎಂಬಲ್ಲಿ ನಿಮ್ಮ ಹೆಸರೇ ಇರಬೇಕೆಂದಿಲ್ಲ. ಚಿಕ್ಕಮ್ಮನೋ, ಶಾಲೆಯ ಒಬ್ಬ ಮಿಸ್ಸೋ ಇರಬಹುದು. ಬೇಸರಪಡಬೇಡಿ.

ಸ್ನಾನದ ಮನೆಯ ವಿಷಯಕ್ಕೆ ಒಂದು ಒಪ್ಪಂದ ಮಾಡಿಕೊಳ್ಳಿ. ಸದ್ಯಕ್ಕೆ ಚಿಲಕ ಹಾಕಿಕೊಳ್ಳುವುದಿಲ್ಲ ಎಂದು ಅವಳು, ಹೊರಗೆ ನಿಂತು ಕೂಗುವುದಿಲ್ಲ ಎಂದು ನೀವು. ಚಾಪೆಯನ್ನು ಬಾಗಿಲಿನಿಂದ ಹಾಲಿಗೆ, ಎರಡು ವಾರ ಸರಿಹೋದರೆ ಹಾಲಿನಿಂದ ನಿಮ್ಮ ಕೋಣೆಗೆ. ಕೆಟ್ಟ ದಿನ ಬಂದರೆ ಚಾಪೆ ವಾಪಸ್ ಬರುತ್ತದೆ ಎಂಬುದೂ ಆ ಹಾಳೆಯಲ್ಲಿರಲಿ. ಆಗ ಅದು ಅವಳಿಗೆ ಶಿಕ್ಷೆ ಅನ್ನಿಸುವುದಿಲ್ಲ, ನಿಮಗೆ ಸೋಲು ಅನ್ನಿಸುವುದಿಲ್ಲ.

ಕದ್ದು ನೋಡುವುದರ ಬದಲು ಕೇಳಿ. ಸಾವಿನ ಮಾತೆತ್ತಿದರೆ ಇಲ್ಲದ ಯೋಚನೆಯನ್ನು ನಾವೇ ಹುಟ್ಟಿಸಿದಂತಾಗುತ್ತದೆ ಎಂದು ತುಂಬ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ನೇರವಾಗಿ ಕೇಳಿದರೆ ಮಕ್ಕಳಿಗೆ ನಿರಾಳವೇ ಆಗುತ್ತದೆ. ತಟ್ಟೆಗೆ ಅನ್ನ ಬಡಿಸುವಾಗ ಬೇಡ, ಇಬ್ಬರೇ ಇದ್ದಾಗ: ‘ಪುಟ್ಟಿ, ಬದುಕೋದೇ ಬೇಡ ಅನ್ನಿಸ್ತಾ ಇದ್ಯಾ ಇವತ್ತು?’ ಇಲ್ಲ ಎಂದರೆ ನಂಬಿ, ಮಾತು ಬದಲಿಸಿ. ಹೌದು ಎಂದರೆ ಅಳಬೇಡಿ, ಆಣೆ ಹಾಕಿಸಿಕೊಳ್ಳಬೇಡಿ. ‘ಹೇಳಿದ್ದು ಒಳ್ಳೇದಾಯ್ತು’ ಎನ್ನಿ, ಪಕ್ಕದಲ್ಲಿ ಕೂತುಕೊಳ್ಳಿ, ಡಾಕ್ಟರಿಗೆ ಫೋನ್ ಮಾಡಿ. ಅವರು ಸಿಗದಿದ್ದರೆ 14416, ಸರ್ಕಾರದ ಟೆಲಿ ಮಾನಸ್. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ಉಚಿತ, ಹಗಲೂ ರಾತ್ರಿ ಕನ್ನಡದಲ್ಲಿ ಮಾತಾಡುತ್ತಾರೆ. ಕೈಮೀರುವಂತಿದ್ದರೆ ಯಾರಿಗೂ ಕಾಯದೆ ಕೆ.ಆರ್. ಆಸ್ಪತ್ರೆಯ ತುರ್ತು ವಿಭಾಗಕ್ಕೋ ಹತ್ತಿರದ ದೊಡ್ಡ ಆಸ್ಪತ್ರೆಗೋ ಹೊರಡಿ, ಇಲ್ಲವೇ 108ಕ್ಕೆ ಕರೆ ಮಾಡಿ. ಪೊಲೀಸ್ ಕೇಸಾಗುತ್ತದೆ ಎಂದು ನೆಂಟರು ಹೆದರಿಸಿದರೆ ಕಿವಿಗೊಡಬೇಡಿ. ಆಸ್ಪತ್ರೆಯವರು ಎಂಎಲ್‌ಸಿ (ಮೆಡಿಕೊ ಲೀಗಲ್ ಕೇಸ್) ಬರೆಯಬಹುದು, ಅದು ದಾಖಲೆ ಮಾತ್ರ. ಆತ್ಮಹತ್ಯೆಯ ಯತ್ನವನ್ನೇ ಅಪರಾಧ ಎನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಸೆಕ್ಷನ್ 2024ರ ಜುಲೈ 1ರಂದು ಹೊಸ ನ್ಯಾಯ ಸಂಹಿತೆ ಬಂದಾಗಲೇ ಹೋಯಿತು. ಅಂಥವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು ಎಂದು 2017ರ ಕಾಯ್ದೆ ಅದಕ್ಕೂ ಮೊದಲೇ ಹೇಳಿತ್ತು.

ನಿಮ್ಮ ಯಜಮಾನರ ವಿಷಯ ಓದಿದಾಗ ನನಗೆ ಸಿಟ್ಟಿಗಿಂತ ಮರುಕವೇ ಬಂತು. ಅವರಿಗೂ ಆ ರಾತ್ರಿ ಕಳೆದಿಲ್ಲ. ನೀವು ಬಾಗಿಲಲ್ಲಿ ಮಲಗುತ್ತೀರಿ, ಅವರು ಕಾರ್ಖಾನೆಯಲ್ಲಿ ಉಳಿಯುತ್ತಾರೆ. ‘ಮುದ್ದು ಮಾಡಿ ಕೆಡಿಸಿದೆ’ ಎಂಬುದು ಹೆದರಿದ ಗಂಡಸಿನ ಮಾತು. ಆದರೆ ಆ ಮಾತು ಗೋಡೆಯಾಚೆ ಮಗಳ ಕಿವಿಗೂ ಬೀಳುತ್ತದೆ. ಬೇರೆ ಎಲ್ಲಕ್ಕಿಂತ ಮೊದಲು ನಿಲ್ಲಬೇಕಾದದ್ದು ಅದು. ‘ನೀವು ಹೀಗನ್ನಬಾರದು’ ಎಂದು ನೀವು ಹೇಳಿದರೆ ಜಗಳವಾದೀತು. ಮುಂದಿನ ಫಾಲೋಅಪ್‌ಗೆ ರಜೆ ಹಾಕಿಸಿ ಅವರನ್ನೇ ಕರೆದೊಯ್ಯಿರಿ, ಡಾಕ್ಟರ ಬಾಯಿಂದ ಕೇಳಲಿ. ಜೊತೆಗೆ ಅವರ ಕೈಗೆ ಒಂದು ಕೆಲಸ ಕೊಡಿ. ಸಲಹೆ ಕೊಟ್ಟರೆ ಗಂಡಸರು ಜಾರಿಕೊಳ್ಳುತ್ತಾರೆ, ಕೆಲಸ ಕೊಟ್ಟರೆ ನಿಲ್ಲುತ್ತಾರೆ. ರಾತ್ರಿ ಮಾತ್ರೆ ಕೊಡುವುದು, ಬೀರುವಿಗೆ ಬೀಗ ಹಾಕುವುದು ಅವರದಾಗಲಿ. ಫಸ್ಟ್ ಶಿಫ್ಟ್ ಇರುವ ವಾರ ಸಂಜೆ ಮಗಳನ್ನು ಹೆಬ್ಬಾಳ ಕೆರೆಯ ಏರಿಯ ಮೇಲೆ ನಡೆಸಿಕೊಂಡು ಬರಲಿ. ಇನ್ಫೋಸಿಸ್ ಫೌಂಡೇಶನ್ ಆ ಕೆರೆಯನ್ನು ಚೊಕ್ಕಟ ಮಾಡಿಸಿದ ಮೇಲೆ ಅಲ್ಲಿ ಒಂದಿಷ್ಟು ಹೊತ್ತು ಇರಬಹುದು ಅನ್ನಿಸುವಂತಾಗಿದೆ. ನಡೆಯುವಾಗ ಕಾಯಿಲೆಯ ಮಾತು ಬೇಡ, ಓದಿನ ಮಾತಂತೂ ಬೇಡವೇ ಬೇಡ. ಕ್ರಿಕೆಟ್, ಪಕ್ಕದ ಮನೆ ನಾಯಿ, ಕಾರ್ಖಾನೆ ಕ್ಯಾಂಟೀನಿನ ಸಾಂಬಾರು, ಏನಾದರೂ ಆಗಬಹುದು. ಏನೂ ಮಾತಾಡದೆ ನಡೆದರೂ ಆದೀತು. ಆ ಹೊತ್ತಿನಲ್ಲಿ ನೀವು ಮಗನ ಪಕ್ಕದಲ್ಲಿ ಕೂತು ಟಿವಿ ನೋಡಿ.

ಅವನ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ಇಡೀ ಪತ್ರದಲ್ಲಿ ನನಗೆ ಹೆಚ್ಚು ಕಳವಳವಾದದ್ದು ಅದೇ. ಹನ್ನೊಂದು ವರ್ಷದ ಹುಡುಗನಿಗೆ ಎಲ್ಲವೂ ಗೊತ್ತಾಗಿರುತ್ತದೆ, ಯಾವುದೂ ಸರಿಯಾಗಿ ಗೊತ್ತಾಗಿರುವುದಿಲ್ಲ. ಅಕ್ಕನ ಜೊತೆ ರಿಮೋಟ್‌ಗಾಗಿ ಕಿತ್ತಾಡಿದ್ದರಿಂದಲೇ ಹೀಗಾಯಿತು ಎಂದು ಅವನು ನಂಬಿಕೊಂಡಿರಬಹುದು. ಅವನಿಗೆ ಅವನ ಭಾಷೆಯಲ್ಲಿ ಹೇಳಿ: ಅಕ್ಕನ ಮನಸ್ಸಿಗೆ ಕಾಯಿಲೆ ಬಂದಿತ್ತು, ಮಾತ್ರೆ ತಗೋತಿದ್ದಾಳೆ, ವಾಸಿಯಾಗುತ್ತಿದೆ, ನಿನ್ನಿಂದ ಆದದ್ದಲ್ಲ, ನೀನು ಕಾಯಬೇಕಾಗಿಲ್ಲ. ಕೊನೆಯದು ಮುಖ್ಯ. ‘ಅಕ್ಕನ್ನ ನೋಡ್ಕೋತಿರು’ ಎಂದು ಅವನನ್ನು ಸಣ್ಣ ಕಾವಲುಗಾರನನ್ನಾಗಿ ಮಾಡಬೇಡಿ.

ಅತ್ತೆಯವರೊಡನೆ ಜಗಳ ಬೇಡ, ನಂಜನಗೂಡಿಗೆ ಹೋಗಿಬನ್ನಿ. ಟಿಪ್ಪು ಸುಲ್ತಾನನ ಪಟ್ಟದಾನೆಯ ಕಣ್ಣು ಅಲ್ಲಿ ವಾಸಿಯಾಯಿತೆಂದು ಅವನು ಪಚ್ಚೆಲಿಂಗ ಕೊಟ್ಟು ಅಲ್ಲಿನ ದೇವರನ್ನು ಹಕೀಮ (ವೈದ್ಯ) ನಂಜುಂಡ ಎಂದು ಕರೆದನೆಂಬುದು ನಮ್ಮ ಕಡೆಯ ಹೆಮ್ಮೆಯ ಕಥೆ. ಹಕೀಮ ಎಂದು ಹೆಸರಾದ ದೇವರು ಡಾಕ್ಟರ ಚೀಟಿಗೆ ಅಡ್ಡ ಬರುವುದಿಲ್ಲ ಎಂದು ಅತ್ತೆಯವರಿಗೆ ಹೇಳಿ ನೋಡಿ, ನಕ್ಕಾರು. ಉರುಳುಸೇವೆ ಮಗಳಿಂದ ಮಾಡಿಸಬೇಡಿ. ಹರಕೆ ಹೊತ್ತವರು ತೀರಿಸಲಿ. ಕಪಿಲಾ ನದಿಗೆ ಕೈಮುಗಿದು, ಪ್ರಸಾದ ತಿಂದು, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಲಿ. ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ನಿದ್ರೆಗೇಡು, ಚಡಪಡಿಕೆ ಬರುತ್ತವೆ. ಕಾಯಿಲೆ ಮರಳುವ ಅಪಾಯ ಬೇರೆ. ಸಾಮಾನ್ಯವಾಗಿ ಪೂರ್ತಿ ಚೇತರಿಸಿಕೊಂಡ ಮೇಲೂ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಿ, ಆಮೇಲೆ ನಿಧಾನವಾಗಿ ಇಳಿಸುತ್ತಾರೆ. ಜೀವನಪೂರ್ತಿ ಎಂದೇನೂ ಅಲ್ಲ. ಇನ್ನು ಮದುವೆಯ ಮಾತು. 15ರ ಹುಡುಗಿಯ ಮದುವೆ ಬಗ್ಗೆ ನಾನು ಬರೆಯುವುದಿಲ್ಲ, ನೀವೂ ಯೋಚಿಸಬೇಡಿ.

ಪರೀಕ್ಷೆಯ ಚಿಂತೆಯನ್ನೂ ಇಳಿಸಿಕೊಳ್ಳಿ. 2024ರಿಂದ ಎಸ್ಸೆಸ್ಸೆಲ್ಸಿಯನ್ನು ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಬರೆಯುವ ಅವಕಾಶವಿದೆ. ಡಾಕ್ಟರ ಪತ್ರ ತೆಗೆದುಕೊಂಡು ಹೆಡ್‌ಮಾಸ್ಟರನ್ನು ನೋಡಿ, ಹಾಜರಾತಿಗೆ ಏನು ಮಾಡಬಹುದು ಕೇಳಿ. ಒಂದು ವರ್ಷ ಹೋದರೂ ಹೋಗಲಿ. ಶಾಲೆಯಲ್ಲಿ ಯಾರಿಗೆ ಎಷ್ಟು ಹೇಳಬೇಕೆಂಬುದನ್ನು ಮಗಳನ್ನು ಕೇಳಿಯೇ ತೀರ್ಮಾನಿಸಿ. ಖರ್ಚಿನ ಬಗ್ಗೆ ನೀವು ಬರೆದಿಲ್ಲ, ಆದರೂ ಹೇಳುತ್ತೇನೆ. ಯಜಮಾನರಿಗೆ ಇಎಸ್‌ಐ ಇದ್ದರೆ ಮಕ್ಕಳಿಗೂ ಚಿಕಿತ್ಸೆ ಸಿಗುತ್ತದೆ. ಕಂಪನಿಯ ವಿಮೆ ಇದ್ದರೆ, ದೇಹದ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ಕೊಡಬೇಕೆಂದು ಅದೇ 2017ರ ಕಾಯ್ದೆ ಹೇಳುತ್ತದೆ. ಡಿಸೆಂಬರ್‌ನ ಅಡ್ಮಿಷನ್ ಬಿಲ್ ಇಟ್ಟುಕೊಂಡಿದ್ದರೆ ಎಚ್‌ಆರ್‌ನವರನ್ನು ವಿಚಾರಿಸಿ.

ಇನ್ನು ನಿಮ್ಮ ವಿಷಯ. ಆ ರಾತ್ರಿ ಇನ್ನೂ ಕಳೆದಿಲ್ಲ ಎಂದಿರಿ. ಬಾಗಿಲ ಸದ್ದಿಗೆ ಎದೆ ಹೊಡೆದುಕೊಳ್ಳುವುದು, ನಿದ್ರೆ ತುಂಡಾಗುವುದು, ಕಣ್ಮುಚ್ಚಿದರೆ ಅದೇ ದೃಶ್ಯ ಬರುವುದು ಇದ್ದರೆ ಅದು ತಾಯಿಕರುಳು ಮಾತ್ರವಲ್ಲ, ಆಘಾತದ ಗಾಯ. ಅದಕ್ಕೂ ಚಿಕಿತ್ಸೆಯಿದೆ. ಮಗಳನ್ನು ಕರೆದುಕೊಂಡು ಹೋದ ದಿನವೇ ನಿಮ್ಮ ಹೆಸರಿಗೂ ಒಂದು ಓಪಿಡಿ ಚೀಟಿ ಮಾಡಿಸಿ. 14416 ನಿಮಗೂ ಇದೆ, ರೋಗಿಗಳಿಗೆ ಮಾತ್ರವಲ್ಲ. ಮನೆಯವರನ್ನು ಚಿಕಿತ್ಸೆಯ ಹೊರಗಿಡಬಾರದು ಎಂಬ ವಿಚಾರ ನಮ್ಮ ದೇಶಕ್ಕೆ ಹೊಸದಲ್ಲ. 1950ರ ದಶಕದಲ್ಲೇ ಅಮೃತಸರದ ಮನೋರೋಗ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಮನೆಮಂದಿಯನ್ನೂ ಉಳಿಸಿಕೊಳ್ಳುತ್ತಿದ್ದರು. ಮುಂದೆ ಸ್ಕಿಜೋಫ್ರೀನಿಯಾ ಇದ್ದವರ ಮನೆಗಳ ಬಗ್ಗೆ ಚಂಡೀಗಡದಲ್ಲಿ ಎನ್.ಎನ್. ವಿಗ್, ಜೂಲಿಯನ್ ಲೆಫ್ ಮತ್ತು ಜೊತೆಗಾರರು ಅಧ್ಯಯನ ನಡೆಸಿ 1987ರಲ್ಲಿ ಪ್ರಕಟಿಸಿದರು. ಲಂಡನ್ನಿಗಿಂತ ಅಲ್ಲಿನ ಮನೆಗಳಲ್ಲಿ ಚುಚ್ಚುಮಾತು ಕಡಿಮೆ ಎಂದು ಅದರಲ್ಲಿ ಕಂಡಿತು. ದೊಡ್ಡ ಮನೆಗಳಲ್ಲಿ ಭಾರ ನಾಲ್ಕಾರು ಹೆಗಲಿಗೆ ಹಂಚಿಹೋಗುತ್ತದೆ ಎಂಬುದೂ ಒಂದು ಕಾರಣವಿರಬಹುದು ಎಂದು ನನಗನ್ನಿಸುತ್ತದೆ. ನಿಮ್ಮ ಮನೆಯಲ್ಲೂ ಹೆಗಲುಗಳಿವೆ. ಅತ್ತೆ ಇದ್ದಾರೆ, ಯಜಮಾನರಿದ್ದಾರೆ. ಎಲ್ಲ ಭಾರವನ್ನೂ ನೀವೇ ಕಸಿದುಕೊಂಡು ಹೊತ್ತಿದ್ದೀರಿ.

ಹಾಗಾಗಿ ಕಂಪನಿಗೆ ಫೋನ್ ಮಾಡಿ. ಮೊದಲ ತಿಂಗಳು ಅರ್ಧ ದಿನ, ಫಾಲೋಅಪ್ ದಿನ ರಜೆ, ಕರೆದಾಗ ಹೊರಡುವ ಅನುಮತಿ, ಇಷ್ಟು ಕೇಳಿ. ಕಾರಣವಾಗಿ ‘ಮನೆಯಲ್ಲಿ ಆರೋಗ್ಯದ ತೊಂದರೆ’ ಎಂದರೆ ಸಾಕು, ವಿವರ ಕೊಡಬೇಕಾಗಿಲ್ಲ. ನೀವು ಹೊರಗಿರುವ ಹೊತ್ತಿನಲ್ಲಿ ಅತ್ತೆ ಮನೆಯಲ್ಲಿರಲಿ, ಮಗಳ ಕೋಣೆಯಲ್ಲಲ್ಲ. ಊಟದ ಹೊತ್ತಿಗೆ ಒಂದು ಫೋನ್, ಅಷ್ಟೆ. ಅದೂ ‘ಏನ್ಮಾಡ್ತಿದ್ದೀಯಾ’ ಎಂಬ ವಿಚಾರಣೆ ಬೇಡ, ‘ಸಂಜೆ ಬರೋವಾಗ ಏನ್ ತರ್ಲಿ’ ಎಂದು ಕೇಳಿ. ಅರ್ಧ ದಿನಕ್ಕೆ ಅವರು ಒಪ್ಪದಿದ್ದರೆ ಈ ಕಂಪನಿ ಬಿಡಿ. ಹೂಟಗಳ್ಳಿ, ಮೇಟಗಳ್ಳಿ, ಹೆಬ್ಬಾಳ ಸುತ್ತ ಲೆಕ್ಕ ಬರೆಯುವವರು ಬೇಕಾದ ಸಣ್ಣ ಯೂನಿಟ್‌ಗಳಿಗೆ ಬರವಿಲ್ಲ, ಮಗಳ ಫಾಲೋಅಪ್ ಮುಗಿಸಿಕೊಂಡು ಜೂನ್‌ನಲ್ಲಿ ಹುಡುಕಬಹುದು.